ಬಾಡಿಗೆಗೆ ಹಾಡಿ

ಕಬಿನಿ ಹಿನ್ನೀರಿನ ದಂಡೆಯಲ್ಲಿ ಈಗ ಕಾಡುಕುರುಬರ ಗುಡ್ಲು ಬಾಡಿಗೆಗೆ ಸಿಗುತ್ತದೆ. ಹುಲ್ಲಿನ ಮಾಡು, ಮಣ್ಣುಬಣ್ಣದ ಗೋಡೆ, ಒಳಗೆ ಎ.ಸಿ., ಹಿಂದೆ ಈಜುಕೊಳ. ಇದಕ್ಕಿಟ್ಟ ಹೆಸರು ಪರಿಸರ ಪ್ರವಾಸೋದ್ಯಮ! ದುಡ್ಡು ಕೊಟ್ಟು ಅಲ್ಲಿ ತಂಗೋರು ನಾವಲ್ಲ. ಎಂಜಲು ತಟ್ಟೆ ಎತ್ತಲು ಹೋದ ನಮ್ಮ ಹುಡುಗರು ಬಂದು ಹೇಳಿದ್ದು. ನಾಗರಹೊಳೆಯೊಳಗಿನ ಜೇನುಕುರುಬರು ಸೋರುವ ಮಾಡಿಗೆ ಹುಲ್ಲು ಕೊಯ್ದರೆ, "ಯಾರನ್ನ ಕೇಳಿ ಕೊಯ್ದ್ರಿ?" ಅಂತ ಗಾರ್ಡು ಗದರುತ್ತಾನೆ. ಹುಲ್ಲು ಒಂದೇ ಸ್ವಾಮಿ, ಅದರಡಿ ಮಲಗೋರು ಬೇರೆ.

1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ ಹಾಡಿಗಳನ್ನೇ ಕಿತ್ತು, ಜನರನ್ನು ಕಾಫಿತೋಟಗಳ ಲೈನ್ ಮನೆಗಳಿಗೆ ದೂಡಿದರು. ಆದಿವಾಸಿ ಇದ್ದರೆ ಹುಲಿಗೆ ತೊಂದರೆಯಂತೆ! ಆಮೇಲೆ ಇದೇ ಸರ್ಕಾರ ನಾಗರಹೊಳೆ ಕಾಡಿನೊಳಗೆ, ಮೂರ್ಕಲ್ಲಿನಲ್ಲಿ, ತಾಜ್ ಹೋಟೆಲಿನವರಿಗೆ ಗುತ್ತಿಗೆ ಕೊಟ್ಟಿತು. ಜನರೇಟರು, ಜೀಪು, ಬಾರು ಬಂದರೆ ಹುಲಿಗೆ ಸುಖವೇ? 1996ರಲ್ಲಿ ಹಾಡಿಯವರು ತಿರುಗಿಬಿದ್ದರು. 1997ರ ಜನವರಿಯಲ್ಲಿ ಹೈಕೋರ್ಟು ಆ ಗುತ್ತಿಗೆ ಕಾನೂನಿಗೆ ವಿರುದ್ಧ ಎಂದಿತು. ಮೇಷ್ಟ್ರುಗಳೇ, ಮಕ್ಕಳಿಗೆ ಇದನ್ನೂ ಹೇಳಿ.

2006ರ ಅರಣ್ಯ ಹಕ್ಕು ಕಾಯ್ದೆಯ ಅರ್ಜಿ ಹಿಡಿದು ಕಾದು ಕಾದು ಸಾಕಾಗಿ, 2025ರ ಮೇ ತಿಂಗಳಲ್ಲಿ ಕರಡಿಕಲ್ಲು ಅತ್ತೂರುಕೊಲ್ಲಿಯ ಜೇನುಕುರುಬರು ತಮ್ಮ ಹಳೇ ಹಾಡಿಗೆ ತಾವೇ ನಡೆದು ಹೋಗಿ ಗುಡ್ಲು ಹಾಕಿದರು. ಬಾಡಿಗೆ ಯಾರಿಗೂ ಕೊಡಲಿಲ್ಲ. ತಡೆಯಲು ಇಲಾಖೆಯವರು ಸಮವಸ್ತ್ರದಲ್ಲಿ ಬಂದರು.