ಎರಡನೇ ಬಚ್ಚಲಿಗೆ ಬಿಸಿನೀರು ಎಲ್ಲಿಂದ?

ನಮ್ಮ ಕೊಳ್ಳೇಗಾಲ, ಹನೂರು, ಯಳಂದೂರು ಕಡೆಯ ಹಳೆಯ ಮನೆಗಳಲ್ಲಿ ಒಂದೇ ಬಚ್ಚಲು, ಅದರ ಮೂಲೆಯಲ್ಲೊಂದು ಹಂಡೆ ಒಲೆ. ಬೆಳಗಿನ ಜಾವ ಯಾರಾದರೂ ಎದ್ದು ಸೌದೆ ಹಚ್ಚಿದರೆ ಮನೆಮಂದಿಗೆಲ್ಲ ಸರದಿಯ ಮೇಲೆ ಬಿಸಿನೀರು. ಈಗ ಮಗನ ಮದುವೆಯಾಯಿತೆಂದೋ, ಮೇಲೊಂದು ಮಹಡಿ ಎದ್ದಿತೆಂದೋ ಎರಡನೆಯ, ಮೂರನೆಯ ಬಚ್ಚಲು ಸೇರುತ್ತಿದೆ. ಟೈಲ್ಸಿನ ಬಣ್ಣವನ್ನು ವಾರಗಟ್ಟಲೆ ಚರ್ಚಿಸುವ ನಾವು ಬಿಸಿನೀರಿನ ವಿಚಾರವನ್ನು ಮಾತ್ರ ಕೊನೆಯ ದಿನ ಅಂಗಡಿಯವನಿಗೆ ಬಿಟ್ಟುಬಿಡುತ್ತೇವೆ. ಅವನು ತನ್ನಲ್ಲಿ ಇರುವುದನ್ನು ಕೊಡುತ್ತಾನೆ. ಇದರಲ್ಲಿ ಹಣದ ಪ್ರಶ್ನೆಯಿದೆ, ಪ್ರಾಣದ ಪ್ರಶ್ನೆಯೂ ಇದೆ. ಪ್ರೌಢಶಾಲೆಯಲ್ಲಿ ಉಷ್ಣದ ಪಾಠ ಓದಿದ ಮಕ್ಕಳು ಈ ಲೆಕ್ಕ ಮಾಡಿ ಮನೆಯವರಿಗೆ ತೋರಿಸಬಹುದು.

ಮೊದಲು ನೀರಿನ ಲೆಕ್ಕ. ಒಂದು ಲೀಟರ್ ನೀರಿನ ಉಷ್ಣತೆಯನ್ನು ಒಂದು ಡಿಗ್ರಿ ಏರಿಸಲು ಸುಮಾರು 4.2 ಕಿಲೋಜೂಲ್ ಶಕ್ತಿ ಬೇಕು. 3,600 ಕಿಲೋಜೂಲ್ ಎಂದರೆ ವಿದ್ಯುತ್ತಿನ ಒಂದು ಯೂನಿಟ್. ಚಳಿಗಾಲದ ಬೆಳಿಗ್ಗೆ ತೊಟ್ಟಿಯ ನೀರು 22 ಡಿಗ್ರಿ ಇದೆ ಎಂದುಕೊಳ್ಳಿ. ಮೈಗೆ ಹಿತವಾದ ನೀರು 40 ಡಿಗ್ರಿ. ಏರಿಸಬೇಕಾದದ್ದು 18 ಡಿಗ್ರಿ. 20 ಲೀಟರಿನ ಒಂದು ಬಕೆಟ್ಟಿಗೆ 20 × 18 × 4.2 = 1,512 ಕಿಲೋಜೂಲ್, ಅಂದರೆ 0.42 ಯೂನಿಟ್. ಆರು ಜನರ ಮನೆಗೆ ದಿನಕ್ಕೆ ಎರಡೂವರೆ ಯೂನಿಟ್, ತಿಂಗಳಿಗೆ ಸುಮಾರು 75 ಯೂನಿಟ್. ಬಚ್ಚಲು ಒಂದಿರಲಿ, ಮೂರಿರಲಿ, ಈ ಮೊತ್ತ ಬದಲಾಗುವುದಿಲ್ಲ. ಬದಲಾಗುವುದು ಒಂದೇ ಹೊತ್ತಿಗೆ ಎಷ್ಟು ಜನಕ್ಕೆ ನೀರು ಬೇಕು ಎಂಬುದು. ಶಾಲೆ ಬಸ್ಸು, ಕಚೇರಿ, ಪೂಜೆ ಎಲ್ಲವೂ ಆರರಿಂದ ಎಂಟರೊಳಗೆ ಬಂದರೆ ಆ ಎರಡು ಗಂಟೆಯೇ ನಿಮ್ಮ ಪರೀಕ್ಷೆ.

ಈಗ ವಿದ್ಯುತ್ ಗೀಸರ್. 15 ಲೀಟರಿನ, 2 ಕಿಲೋವ್ಯಾಟ್ ಗೀಸರ್ 22 ಡಿಗ್ರಿಯ ನೀರನ್ನು 60 ಡಿಗ್ರಿಗೆ ಏರಿಸಲು ಸುಮಾರು 20 ನಿಮಿಷ ತೆಗೆದುಕೊಳ್ಳುತ್ತದೆ. ಆ ನೀರಿಗೆ ತಣ್ಣೀರು ಬೆರೆಸಿದರೆ 40 ಡಿಗ್ರಿಯ 32 ಲೀಟರ್ ಆಗುತ್ತದೆ, ಅಂದರೆ ಒಂದೂವರೆ ಬಕೆಟ್. 25 ಲೀಟರಿನದಾದರೆ ಎರಡೂವರೆ ಬಕೆಟ್. 3 ಕಿಲೋವ್ಯಾಟಿನ ಪುಟ್ಟ ‘ಇನ್‌ಸ್ಟಂಟ್’ ಗೀಸರ್ ನಿಮಿಷಕ್ಕೆ ಎರಡೂವರೆ ಲೀಟರಿಗಿಂತ ಸ್ವಲ್ಪ ಕಡಿಮೆ ಬೆಚ್ಚನೆಯ ನೀರು ಕೊಡುತ್ತದೆ, ಬಕೆಟ್ ತುಂಬಲು ಎಂಟು ನಿಮಿಷ ಮೀರುತ್ತದೆ. ಷವರ್ ಕೆಳಗೆ ನಿಲ್ಲುವ ಆಸೆಯಿದ್ದವರಿಗೆ ಇದು ಸಾಲದು.

ವಿದ್ಯುತ್ ಪ್ರವಾಹದ ಲೆಕ್ಕವನ್ನೂ ನೋಡಿ. 3,000 ವ್ಯಾಟನ್ನು 230 ವೋಲ್ಟಿನಿಂದ ಭಾಗಿಸಿದರೆ 13 ಆಂಪಿಯರ್. ಎರಡು ಬಚ್ಚಲಲ್ಲಿ ಎರಡು ಇಂಥವು ಒಟ್ಟಿಗೆ ನಡೆದರೆ 26 ಆಂಪಿಯರ್. ದೀಪ, ಫ್ಯಾನಿಗೆಂದು ಎಂದೋ ಎಳೆದ ಹಳೆಯ ವೈರಿಗೆ ಇದು ಹೊರಲಾಗದ ಹೊರೆ. ಪ್ರತಿ ಗೀಸರಿಗೂ ಬೋರ್ಡಿನಿಂದ ಬೇರೆಯೇ ದಪ್ಪ ವೈರು, ಬೇರೆ ಎಂ.ಸಿ.ಬಿ., ಸರಿಯಾದ ಅರ್ತಿಂಗ್, ಸೋರುವ ವಿದ್ಯುತ್ತನ್ನು ಕ್ಷಣದಲ್ಲಿ ಕಡಿಯುವ 30 ಮಿಲಿಆಂಪಿಯರಿನ ಆರ್.ಸಿ.ಸಿ.ಬಿ. ಇರಲೇಬೇಕು. ಮಂಜೂರಾದ ಲೋಡ್ ಎಷ್ಟೆಂದು ಕರೆಂಟ್ ಬಿಲ್ಲಿನಲ್ಲೇ ಅಚ್ಚಾಗಿರುತ್ತದೆ, ಓದಿ. ಇನ್ನೊಂದು ವಿಷಯ: 2023ರಲ್ಲಿ ಬಂದ ಗೃಹಜ್ಯೋತಿ ಯೋಜನೆಯಲ್ಲಿ ತಿಂಗಳ ಬಳಕೆ 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ಲು ಕಟ್ಟಬೇಕು. 140 ಯೂನಿಟ್ ಉರಿಸುವ ಮನೆಗೆ ಗೀಸರಿನ 75 ಸೇರಿದರೆ 215!

ಗ್ಯಾಸ್ ಗೀಸರ್ ಅಗ್ಗ, ಬೇಗ ಕಾಯುತ್ತದೆ, ಕರೆಂಟ್ ಹೋದರೂ ನಡೆಯುತ್ತದೆ. ಆದರೆ ಈ ಮಾತನ್ನು ದಯವಿಟ್ಟು ಮನೆಯವರಿಗೆಲ್ಲ ಓದಿ ಹೇಳಿ: ಅದನ್ನು ಬಚ್ಚಲಿನ ಒಳಗೆ ಹಾಕಬೇಡಿ. ಮುಚ್ಚಿದ ಕೋಣೆಯಲ್ಲಿ ಉರಿ ಆಮ್ಲಜನಕವನ್ನು ತಿಂದುಹಾಕುತ್ತದೆ. ಆಮ್ಲಜನಕ ಸಾಲದಾದಾಗ ಕಾರ್ಬನ್ ಮಾನಾಕ್ಸೈಡ್ ಹುಟ್ಟುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹೀಮೋಗ್ಲೋಬಿನ್ನಿಗೆ ಅದು ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಲವಾಗಿ ಅಂಟಿಕೊಳ್ಳುತ್ತದೆ. ತಲೆಸುತ್ತು ಬಂದಿತೆಂದು ತಿಳಿಯುವಷ್ಟರಲ್ಲಿ ಚಿಲಕ ತೆಗೆಯಲು ಕೈಕಾಲಿಗೆ ಶಕ್ತಿ ಇರುವುದಿಲ್ಲ. ಪೇಟೆಯಲ್ಲಿ ಗೋಡೆಗೆ ಗೋಡೆ ಅಂಟಿದ ಮನೆಗಳಲ್ಲಿ ಹೊಸ ಬಚ್ಚಲಿಗೆ ಕಿಟಕಿ ಇರುವುದೇ ಅಪರೂಪ. ಗೀಸರ್, ಸಿಲಿಂಡರ್ ಎರಡೂ ಗಾಳಿಯಾಡುವ ಹೊರ ಜಾಗದಲ್ಲಿರಲಿ, ಬಿಸಿನೀರಿನ ಕೊಳವೆ ಮಾತ್ರ ಒಳಗೆ ಬರಲಿ. ಹಾಗೆ ಇಡಲು ಜಾಗವಿಲ್ಲದಿದ್ದರೆ ಗ್ಯಾಸ್ ಗೀಸರಿನ ಯೋಚನೆಯನ್ನೇ ಬಿಡಿ.

ಇನ್ನು ಸೂರ್ಯ. 100 ಲೀಟರಿನ ಸೋಲಾರ್ ಹೀಟರಿಗೆ ಸುಮಾರು 2 ಚದರ ಮೀಟರ್ ಫಲಕ. ನಮ್ಮ ಕಡೆ ಒಳ್ಳೆಯ ಬಿಸಿಲಿನ ದಿನ ಚದರ ಮೀಟರಿಗೆ 5 ಯೂನಿಟಿನಷ್ಟು ಶಕ್ತಿ ಬೀಳುತ್ತದೆ, ಒಟ್ಟು 10 ಯೂನಿಟ್. 100 ಲೀಟರನ್ನು 60 ಡಿಗ್ರಿಗೆ ಏರಿಸಲು ಬೇಕಾದದ್ದು ನಾಲ್ಕೂವರೆ ಯೂನಿಟಿಗೂ ಕಡಿಮೆ. ಅರ್ಧ ಬಿಸಿಲು ಸೋರಿಹೋದರೂ ನೀರು ಕಾಯುತ್ತದೆ. ಪಂಪು ಬೇಡ: ಕಾದ ನೀರು ಹಗುರವಾಗಿ ಮೇಲೇರುತ್ತದೆ, ತಣ್ಣೀರು ಕೆಳಗಿಳಿಯುತ್ತದೆ. ಪುಸ್ತಕದಲ್ಲಿ ಓದಿದ ಸಂವಹನ ಇದೇ. ಫಲಕ ದಕ್ಷಿಣಕ್ಕೆ ಮುಖ ಮಾಡಿರಬೇಕು, ಪಕ್ಕದ ಮನೆಯ ತೆಂಗಿನ ಮರದ ನೆರಳು ಬೀಳಬಾರದು. ನಾಲ್ಕೈದು ಜನಕ್ಕೆ 100 ಲೀಟರ್ ಸಾಕು. ಮೂರು ಬಚ್ಚಲು, ಏಳೆಂಟು ಜನವಿದ್ದರೆ 200 ಲೀಟರ್ ಒಳ್ಳೆಯದು.

ಸೋಲಾರಿನ ತೊಡಕು ಎರಡು. ಒಂದು, ಹಿಂಗಾರಿನ ಮೋಡ. ಅಕ್ಟೋಬರ್, ನವೆಂಬರಿನಲ್ಲಿ ಬಿಸಿನೀರು ಹೆಚ್ಚು ಬೇಕಾದಾಗಲೇ ಸೂರ್ಯ ಮರೆಯಾಗುತ್ತಾನೆ. ಅದಕ್ಕಾಗಿ ಟ್ಯಾಂಕಿನೊಳಗೊಂದು ವಿದ್ಯುತ್ ಕಾಯಿಲ್ ಇರಲಿ, ಅಥವಾ ಹಳೆಯ ಹಂಡೆಯನ್ನು ಕೀಳದೆ ಉಳಿಸಿಕೊಳ್ಳಿ. ಎರಡು, ಬೋರ್‌ವೆಲ್ಲಿನ ಗಡಸು ನೀರು. ರೇಷ್ಮೆಗೂಡು ಬೇಯಿಸುವ ನಮ್ಮ ಊರಿನ ರೀಲರುಗಳಿಗೆ ಗಡಸುತನ ಎಂದರೇನೆಂದು ಹೇಳಿಕೊಡಬೇಕಾಗಿಲ್ಲ. ನೀರು ಕಾದಾಗ ಅದರಲ್ಲಿ ಕರಗಿದ ಕ್ಯಾಲ್ಸಿಯಂ ಬೈಕಾರ್ಬನೇಟ್ ಒಡೆದು ಕಾರ್ಬನೇಟಾಗಿ ಬಿಳಿಯ ಗಟ್ಟಿ ಪದರ ಕಟ್ಟುತ್ತದೆ. ಫಲಕದ ಸಣ್ಣ ತಾಮ್ರದ ಕೊಳವೆಗಳು ಇದರಿಂದ ಬೇಗ ಮುಚ್ಚಿಕೊಳ್ಳುತ್ತವೆ. ಅಗಲವಾದ ಗಾಜಿನ ಕೊಳವೆಗಳಿರುವ ಬಗೆ ಹೆಚ್ಚು ಕಾಲ ತಾಳುತ್ತದೆ. ನಿಮ್ಮ ಮನೆಯ ಚೆಂಬು, ಕಾಯಿಲ್ ಬೆಳ್ಳಗೆ ಪೊರೆಗಟ್ಟುತ್ತಿದ್ದರೆ ಅದೇ ಸೂಚನೆ.

ಹಂಡೆಯ ಬಗ್ಗೆಯೂ ಒಂದು ಮಾತು. ಲೆಕ್ಕದ ಪ್ರಕಾರ ಆರು ಜನರ ಸ್ನಾನಕ್ಕೆ ಒಣ ಸೌದೆ ಮುಕ್ಕಾಲು ಕಿಲೋ ಸಾಕು. ನಮ್ಮ ಒಲೆಯಲ್ಲಿ ಅದರ ಹಲವು ಪಟ್ಟು ಉರಿಯುತ್ತದೆ, ಉಳಿದದ್ದು ಹೊಗೆಯ ಜೊತೆ ಆಕಾಶಕ್ಕೆ. ಹನೂರಿನ ಸುತ್ತಲೂ, ಯಳಂದೂರಿನಾಚೆ ಬಿಳಿಗಿರಿರಂಗನ ಬೆಟ್ಟದಲ್ಲೂ ಇರುವುದು ರಕ್ಷಿತ ಕಾಡು. ಸೌದೆ ಪುಕ್ಕಟೆ ಎಂದು ಲೆಕ್ಕ ಹಾಕುವ ಕಾಲ ಹೋಯಿತು. ತೆಂಗಿನ ಗರಿ, ಮೊಟ್ಟೆ, ಹಿಪ್ಪುನೇರಳೆ ಕಡ್ಡಿ ಸ್ವಂತ ತೋಟದಲ್ಲೇ ಸಿಗುವವರಿಗೆ ಮಾತ್ರ ಹಂಡೆ ಇಂದಿಗೂ ಲಾಭವೇ.

ಕೊನೆಯದಾಗಿ ಕೊಳವೆ. ಅರ್ಧ ಇಂಚಿನ ಕೊಳವೆ 15 ಮೀಟರ್ ಓಡಿದರೆ ಅದರೊಳಗೆ ಎರಡೂವರೆ ಲೀಟರ್ ತಣ್ಣೀರು ನಿಂತಿರುತ್ತದೆ. ನಲ್ಲಿ ತಿರುಗಿಸಿದಾಗಲೆಲ್ಲ ಮೊದಲು ಅದು ಚರಂಡಿಗೆ. ಆದ್ದರಿಂದ ನಕ್ಷೆ ಹಾಕುವಾಗಲೇ ಬಚ್ಚಲುಗಳನ್ನು ಒಂದರ ಮೇಲೊಂದು ಇಲ್ಲವೆ ಬೆನ್ನಿಗೆ ಬೆನ್ನು ಬರುವಂತೆ ಇಡಿಸಿ, ಕೊಳವೆಗೆ ಹೊದಿಕೆ ಸುತ್ತಿಸಿ. ಗಾರೆ ಕೆಲಸ ಮುಗಿದ ಮೇಲೆ ಗೋಡೆ ಒಡೆಯುವುದಕ್ಕಿಂತ ಇದು ಅಗ್ಗ. ಚಿಕ್ಕಮಕ್ಕಳಿರುವ ಮನೆಯಲ್ಲಿ ಮೊದಲು ತಣ್ಣೀರು, ಆಮೇಲೆ ಬಿಸಿನೀರು ಬಿಡುವ ರೂಢಿ ಮಾಡಿ. 60 ಡಿಗ್ರಿಯ ನೀರು ಕೆಲವೇ ಸೆಕೆಂಡುಗಳಲ್ಲಿ ಚರ್ಮ ಸುಡುತ್ತದೆ.

ವಿದ್ಯಾರ್ಥಿಗಳಿಗೆ ಈ ವಾರದ ಕೆಲಸ: ಮನೆಯ ಬಕೆಟ್ ಎಷ್ಟು ಲೀಟರ್, ಬೆಳಿಗ್ಗೆ ಆರರಿಂದ ಎಂಟರೊಳಗೆ ಎಷ್ಟು ಬಕೆಟ್ ಖರ್ಚು, ಶಾಲೆಯ ಪ್ರಯೋಗಾಲಯದ ಥರ್ಮಾಮೀಟರ್ ಕೇಳಿ ತಂದು ತೊಟ್ಟಿಯ ನೀರು ಎಷ್ಟು ಡಿಗ್ರಿ ಎಂದು ಒಂದು ವಾರ ಬರೆದಿಡಿ. ಆ ಹಾಳೆಯನ್ನು ಹಿಡಿದು ಅಪ್ಪನ ಜೊತೆ ನೀವೂ ಅಂಗಡಿಗೆ ಹೋಗಿ.