ಲೈನ್‌ಮನ್ನನ ಪಿಂಚಣಿ ಯಾರ ಸಾಲ?

ಮೊನ್ನೆ ಸಂತೆಯ ದಿನ ನಮ್ಮ ಬೀದಿಯ ಹಿಟ್ಟಿನ ಗಿರಣಿಯ ಮುಂದೆ ಒಂದು ಜಗಳ. ಮೀಟರ್ ನೋಡಲು ಬಂದ ಹುಡುಗ ಬಿಲ್ಲು ಹರಿದು ಕೈಗಿತ್ತ. ಅದರಲ್ಲಿ ಪಿಂಚಣಿ, ಗ್ರಾಚ್ಯುಟಿ ಎಂಬ ಬಾಬತ್ತು ಕಂಡ ಗಿರಣಿಯ ಯಜಮಾನರು ಕೆರಳಿದರು. "ಏನಪ್ಪಾ, ನಾನು ಮುದುಕನಾದರೆ ನನಗೆ ಪಿಂಚಣಿ ಕೊಡುವವರು ಯಾರು? ನಿಮ್ಮದನ್ನು ಮಾತ್ರ ನಾನು ಕಟ್ಟಬೇಕೋ?" ಹುಡುಗ ತಲೆ ಎತ್ತದೆ, "ನನಗೆಲ್ಲಿ ಪಿಂಚಣಿ ಯಜಮಾನ್ರೇ, ನಾನು ಗುತ್ತಿಗೆಯವನು" ಎಂದು ಹೇಳಿ ಮುಂದಿನ ಅಂಗಡಿಗೆ ನಡೆದ.

ಪಿಂಚಣಿಯೇ ಇಲ್ಲದವನನ್ನು ಪಿಂಚಣಿಗಾಗಿ ಬೈದದ್ದಾಯಿತು. ಬೈಸಿಕೊಳ್ಳಬೇಕಾದವರು ಅಲ್ಲಿರಲಿಲ್ಲ. ಅವರು ವಿಧಾನಸೌಧದಲ್ಲಿ ತಣ್ಣಗೆ ಕುಳಿತಿದ್ದರು.

ಲೆಕ್ಕ ಹೀಗಿದೆ. ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗವು 2025ರ ಏಪ್ರಿಲ್ 1ರಿಂದ ಯೂನಿಟ್ಟಿಗೆ 36 ಪೈಸೆ, 2026-27ರಲ್ಲಿ 35 ಪೈಸೆ, 2027-28ರಲ್ಲಿ 34 ಪೈಸೆ ವಸೂಲು ಮಾಡಲು ಒಪ್ಪಿಗೆ ಕೊಟ್ಟಿತು. ವರ್ಷಕ್ಕೊಂದು ಪೈಸೆ ಇಳಿಸಿದ ಔದಾರ್ಯಕ್ಕೆ ನಾವು ಕೈಮುಗಿಯಬೇಕು! ತಿಂಗಳಿಗೆ ಸಾವಿರ ಯೂನಿಟ್ಟು ಸುಡುವ ಸಣ್ಣ ಗಿರಣಿಗೆ 36 ಪೈಸೆಯೆಂದರೆ 360 ರೂಪಾಯಿ, ವರ್ಷಕ್ಕೆ 4,320. ದೊಡ್ಡ ಧಣಿಗೆ ಇದು ಚಹದ ಖರ್ಚು. ಮಗನ ಶಾಲೆಯ ಶುಲ್ಕವನ್ನು ಕಂತಿನಲ್ಲಿ ಕಟ್ಟುವವನಿಗೆ ಹಾಗಲ್ಲ.

ಈ ಹಣ ಯಾವ ಬಾಬ್ತಿನದು? ವಿದ್ಯುತ್ ನೌಕರರ ಪಿಂಚಣಿ ನಿಧಿಗೆ ರಾಜ್ಯ ಸರ್ಕಾರ ಕೊಡಬೇಕಾದ ಪಾಲು. ಮತ್ತೊಮ್ಮೆ ಓದಿ: ಸರ್ಕಾರ ಕೊಡಬೇಕಾದ ಪಾಲು. 1957ರಲ್ಲಿ ಹುಟ್ಟಿದ ವಿದ್ಯುತ್ ಮಂಡಳಿಯ ಕಾಲದಲ್ಲಿ ಕಂಬ ಹೊತ್ತು, ಕಾಡಿನಲ್ಲಿ ತಂತಿ ಎಳೆದು, ಮಳೆಗಾಲದ ನಡುರಾತ್ರಿ ಫ್ಯೂಸು ಹಾಕಿದವರು ಸರ್ಕಾರವನ್ನು ನಂಬಿ ದುಡಿದರು. 1999ರಲ್ಲಿ ಸುಧಾರಣೆಯ ಹೆಸರಿನಲ್ಲಿ ಮಂಡಳಿಯನ್ನು ಒಡೆದು ಕಂಪನಿ ಮಾಡಿದಾಗ, ಆ ಹಳೆಯ ಸೇವೆಯ ಹೊಣೆಯಲ್ಲಿ ಸರ್ಕಾರಕ್ಕೂ ಪಾಲು ಉಳಿಯಿತು. ಆಮೇಲೆ ಆ ಪಾಲು ಭಾರವೆನಿಸಿತು. 2022ರಲ್ಲಿ ಆಗಿನ ಸರ್ಕಾರ, ಇದನ್ನು ದರದ ಮೂಲಕ ಬಳಕೆದಾರರಿಂದಲೇ ಪಡೆಯಿರಿ ಎಂದಿತು. ವರ್ತಕರು, ಉದ್ಯಮಿಗಳು ಕೋರ್ಟಿಗೆ ಹೋದರು. 2024ರಲ್ಲಿ ಹೈಕೋರ್ಟಿನಲ್ಲಿ ಸರ್ಕಾರ ಗೆದ್ದಿತು. 2023ರಲ್ಲಿ ಬಂದ ಸರ್ಕಾರ, ಇದು ಹಿಂದಿನವರ ಪಾಪ ಎಂದಿತು. ಪಾಪ ಹಿಂದಿನವರದಾದರೆ ಕೈತೊಳೆಯಲು ಇವರಿಗೆ ಅಡ್ಡ ಬಂದವರು ಯಾರು? ಒಬ್ಬರು ಬರೆದರು, ಇನ್ನೊಬ್ಬರು ವಸೂಲು ಮಾಡಿದರು. ಕಾನೂನು ಒಪ್ಪಿತೆಂದ ಮಾತ್ರಕ್ಕೆ ನ್ಯಾಯವಾಯಿತೆಂದು ನಾವು ಒಪ್ಪಬೇಕಾಗಿಲ್ಲ.

ಚಹದಂಗಡಿಯ ಅರ್ಥಶಾಸ್ತ್ರಜ್ಞರು ಕೇಳುತ್ತಾರೆ: ನೌಕರರ ಸಂಬಳ ದರದಲ್ಲಿ ಸೇರುವುದಿಲ್ಲವೇ, ಪಿಂಚಣಿ ಸೇರಿದರೆ ತಪ್ಪೇನು? ಸೇರುತ್ತದೆ ಸ್ವಾಮಿ. ಇಂದಿನ ಕೆಲಸದ ಸಂಬಳವನ್ನು ಇಂದಿನ ದರದಲ್ಲಿ ನಾವು ಕೊಡುತ್ತಿದ್ದೇವೆ, ತಕರಾರಿಲ್ಲ. ಆದರೆ ತಾನು ಹೊತ್ತ ಹಳೆಯ ಸಾಲವನ್ನು ಬಜೆಟ್ಟಿನಿಂದ ಕಿತ್ತು ಗಿರಣಿಯವನ ಬಿಲ್ಲಿಗೆ ಅಂಟಿಸುವುದು ಸಂಬಳದ ಮಾತಲ್ಲ. ಬಜೆಟ್ಟಿನಲ್ಲಿದ್ದಿದ್ದರೆ ಅದರ ಭಾರ ಶ್ರೀಮಂತನ ತೆರಿಗೆಯ ಮೇಲೂ ಬೀಳುತ್ತಿತ್ತು. ಯೂನಿಟ್ಟಿನ ಮೇಲೆ ಬಿದ್ದಾಗ, ಆದಾಯ ಎಷ್ಟೆಂದು ಯಾರೂ ಕೇಳುವುದಿಲ್ಲ. ಮೀಟರು ತಿರುಗಿತೇ ಎಂದು ಮಾತ್ರ ನೋಡುತ್ತಾರೆ.

ಮಿಲ್ಲಿನ ಅಣ್ಣಂದಿರು, "ನಮಗೇನು? 2023ರ ಗೃಹಜ್ಯೋತಿಯಿಂದ ನಮ್ಮ ಮನೆಯ ಬಿಲ್ಲು ಸೊನ್ನೆ" ಎಂದು ಸಮಾಧಾನಪಟ್ಟುಕೊಳ್ಳಬಹುದು. ದೀಪ ಉರಿಯಲಿ, ಅದು ಬಡವನ ಹಕ್ಕು; ಅದನ್ನು ಬಿಟ್ಟಿ ಎಂದು ಹೀಯಾಳಿಸುವವರ ಜೊತೆ ನಾವಿಲ್ಲ. ಆದರೆ ನಿಮ್ಮ ಮನೆಯಾಕೆ ರಾಗಿ ಬೀಸಿಸಲು ಹೋದಾಗ ಗಿರಣಿಯವನು ಸೇರಿಗೆ ಇಷ್ಟು ಹೆಚ್ಚು ಕೇಳಿದನಲ್ಲ, ಅದೇನು? ವೆಲ್ಡಿಂಗ್ ಅಂಗಡಿಯವನು, ಜೆರಾಕ್ಸಿನವನು, ಇಸ್ತ್ರಿಯವನು ಹೆಚ್ಚಿಸಿದ್ದೇನು? ಮನೆಯ ಬಿಲ್ಲಿನಲ್ಲಿ ಕಾಣದ ಆ ಪೈಸೆ ಹಿಟ್ಟಿನ ಚೀಲದಲ್ಲಿ ಕುಳಿತು ನಿಮ್ಮ ಮನೆಗೇ ಬರುತ್ತದೆ.

ಇದರ ವಿಷ ಇರುವುದು ಹಣದಲ್ಲಿ ಮಾತ್ರವಲ್ಲ, ಹೆಸರಿನಲ್ಲಿ. ಬೇರೆ ಎಷ್ಟೋ ಖರ್ಚುಗಳು ದರದೊಳಗೆ ಕರಗಿ ಹೋಗುತ್ತವೆ. ಸಾಲಕ್ಕೆ ಕಟ್ಟಿದ ಬಡ್ಡಿಗೆ ಬಿಲ್ಲಿನಲ್ಲಿ ಬೇರೆ ಹೆಸರಿಲ್ಲ. ದುಡಿದವನ ಪಿಂಚಣಿಗೆ ಪ್ರತ್ಯೇಕ ಹೆಸರು! ತಿಂಗಳು ತಿಂಗಳೂ ಅದನ್ನು ಓದುವ ವ್ಯಾಪಾರಿಗೆ ಲೈನ್‌ಮನ್ನನೇ ಜೇಬುಗಳ್ಳನಂತೆ ಕಾಣತೊಡಗುತ್ತಾನೆ. ಅತ್ತ ನೌಕರನಿಗೆ ವ್ಯಾಪಾರಿಯೆಲ್ಲ ಜಿಪುಣನಾಗುತ್ತಾನೆ. 2006ರ ಏಪ್ರಿಲ್ ಬಳಿಕ ಸೇರಿದ ನೌಕರನಿಗಂತೂ ಹಳೆಯ ಪಿಂಚಣಿಯೇ ಇಲ್ಲ. ಸಂಬಳದಿಂದ ಕಡಿದ ಹಣ ಪೇಟೆಯ ಏರಿಳಿತದಲ್ಲಿ ಏನಾಗುತ್ತದೋ ಅದೇ ಅವನ ಮುಪ್ಪಿನ ಗಂಜಿ. ಗುತ್ತಿಗೆಯವನಿಗೆ ಅದೂ ಇಲ್ಲ.

ಸರ್ಕಾರ ತನ್ನ ಪಾಲನ್ನು ಬಜೆಟ್ಟಿಗೆ ಹಿಂದಕ್ಕೆ ತೆಗೆದುಕೊಳ್ಳಲಿ. ಪಿಂಚಣಿಯಲ್ಲಿ ಒಂದು ಕಾಸೂ ಕಡಿಮೆಯಾಗಬಾರದು, ಗಿರಣಿಯ ಬಿಲ್ಲಿನಲ್ಲಿ ಆ ಬಾಬತ್ತೂ ಇರಬಾರದು. ವರ್ತಕರ ಸಂಘದವರು ಒಬ್ಬರೇ ಅರ್ಜಿ ಕೊಟ್ಟರೆ, ಪಿಂಚಣಿಯ ವಿರೋಧಿಗಳೆಂದು ನೌಕರರ ಮುಂದೆ ತೋರಿಸುತ್ತಾರೆ. ನೌಕರರು ಒಬ್ಬರೇ ಹೋದರೆ, ಜನರ ಹಣ ಕೇಳುತ್ತಿದ್ದಾರೆಂದು ನಿಮ್ಮ ಮುಂದೆ ತೋರಿಸುತ್ತಾರೆ. ಆದ್ದರಿಂದ ಅರ್ಜಿ ಒಂದೇ ಇರಲಿ. ಗಿರಣಿಯ ಯಜಮಾನರ ರುಜುವಿನ ಪಕ್ಕದಲ್ಲೇ ಲೈನ್‌ಮನ್ನನ ರುಜು, ಅದರ ಕೆಳಗೆ ಮೊನ್ನೆ ಬೈಸಿಕೊಂಡ ಆ ಹುಡುಗನದೂ ಇರಲಿ.