ಕೊಂಕಣ ಸುತ್ತಿ ಮೈಲಾರಕ್ಕೆ: ವಿದ್ಯಾರ್ಥಿಗಳ ಯಂತ್ರವೂ ನಮ್ಮ ವ್ಯವಹಾರವೂ

ಒಂದು ಬಲೂನನ್ನು ಊದಿ ಒಡೆಯಲು ಎಷ್ಟು ಹಂತಗಳು ಬೇಕು? ಎರಡು ಸಾಕೆಂದು ಚಿಕ್ಕ ಮಗುವೂ ಹೇಳೀತು. ಅಮೆರಿಕದ ಇಂಡಿಯಾನಾ ರಾಜ್ಯದಲ್ಲಿರುವ ಪರ್ಡ್ಯೂ ವಿಶ್ವವಿದ್ಯಾಲಯದ ವಿದ್ಯಾರ್ಥಿ ತಂಡವೊಂದು 2012ರಲ್ಲಿ ಈ ಕೆಲಸಕ್ಕೆ 300 ಹಂತಗಳ ಯಂತ್ರವನ್ನು ನಿರ್ಮಿಸಿ ಗಿನ್ನೆಸ್ ದಾಖಲೆಗೆ ಸೇರಿತು. ಇಂತಹ ಯಂತ್ರಗಳಲ್ಲಿ ಉರುಳಿದ ಗೋಲಿ ಸನ್ನೆಯನ್ನು ಒತ್ತುತ್ತದೆ, ಸನ್ನೆ ದಾರವನ್ನು ಎಳೆಯುತ್ತದೆ, ದಾರ ತೂಕವನ್ನು ಬೀಳಿಸುತ್ತದೆ. ಹೀಗೆ ಒಂದರಿಂದ ಒಂದಕ್ಕೆ ಚಲನೆ ಸಾಗಿ ಕೊನೆಗೊಮ್ಮೆ ಕೆಲಸ ಮುಗಿಯುತ್ತದೆ. ‘ಕೊಂಕಣ ಸುತ್ತಿ ಮೈಲಾರಕ್ಕೆ ಬಂದಂತೆ’ ಎಂಬ ನಮ್ಮ ಗಾದೆಗೆ ಇದಕ್ಕಿಂತ ಉತ್ತಮ ನಿದರ್ಶನ ದೊರೆಯಲಾರದು.

ಇಂತಹ ಯೋಜನೆಗೆ ನಮ್ಮಂತಹ ವಾಣಿಜ್ಯ ಸಂಸ್ಥೆಗಳ ಸದಸ್ಯರು ಬೆಂಬಲ ನೀಡುವುದು ದಂಡದ ಖರ್ಚಲ್ಲವೇ ಎಂದು ಯಾರಾದರೂ ಕೇಳಬಹುದು. ಪ್ರಶ್ನೆ ನ್ಯಾಯವಾದುದೇ. ಆದರೆ ಎರಡು ಷರತ್ತುಗಳೊಡನೆ ಮಾಡಿದ ಪಕ್ಷದಲ್ಲಿ ಅದು ಒಳ್ಳೆಯ ಹೂಡಿಕೆಯಾಗುತ್ತದೆ ಎಂಬುದು ನನ್ನ ಅಭಿಪ್ರಾಯ.

ಈ ಕಲ್ಪನೆಯ ಮೂಲಪುರುಷ ರೂಬ್ ಗೋಲ್ಡ್‌ಬರ್ಗ್ (1883–1970). ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಇಂಜಿನಿಯರಿಂಗ್ ಓದಿ, ಸ್ಯಾನ್ ಫ್ರಾನ್ಸಿಸ್ಕೋ ನಗರದ ನೀರು ಮತ್ತು ಒಳಚರಂಡಿ ಇಲಾಖೆಯಲ್ಲಿ ಕೆಲವು ಕಾಲ ದುಡಿದು, ಬಳಿಕ ವ್ಯಂಗ್ಯಚಿತ್ರಕಾರರಾದವರು. 1948ರಲ್ಲಿ ಪುಲಿಟ್ಜರ್ ಪ್ರಶಸ್ತಿಯನ್ನೂ ಪಡೆದರು. ಊಟ ಮಾಡುವವನ ಗದ್ದವನ್ನು ತಾನೇ ಒರೆಸುವ ಕರವಸ್ತ್ರದ ಯಂತ್ರವೊಂದನ್ನು ಅವರು ಚಿತ್ರಿಸಿದ್ದರು. ಅದರಲ್ಲಿ ಚಮಚ, ದಾರ, ಗಿಳಿ, ಕಾಳು, ರಾಕೆಟ್, ಕುಡುಗೋಲು ಎಲ್ಲವೂ ಸರದಿಯಂತೆ ಕೆಲಸ ಮಾಡುತ್ತವೆ. ಯಂತ್ರಯುಗದ ಮನುಷ್ಯನು ಅಲ್ಪ ಫಲಕ್ಕಾಗಿ ಅಪಾರ ಶ್ರಮ ಪಡುವುದನ್ನು ಕಂಡು ಅವರು ನಕ್ಕರು. ಆ ನಗೆಯೇ ಮುಂದೆ ಶಿಕ್ಷಣವಾಯಿತು. ಪರ್ಡ್ಯೂವಿನ ಇಂಜಿನಿಯರಿಂಗ್ ವಿದ್ಯಾರ್ಥಿಗಳ ಎರಡು ಸಂಘಗಳ ನಡುವೆ 1949ರಲ್ಲಿ ಆರಂಭವಾದ ಸ್ಪರ್ಧೆ 1955ರವರೆಗೆ ನಡೆದು ನಿಂತಿತು. 1983ರಲ್ಲಿ ಮರುಜೀವ ಪಡೆದು, 1988ರಲ್ಲಿ ರಾಷ್ಟ್ರಮಟ್ಟಕ್ಕೆ ಬೆಳೆಯಿತು. 2006ರಲ್ಲಿ ಐದು ಹಾಳೆ ಕಾಗದವನ್ನು ಚೂರು ಮಾಡುವುದು, 2007ರಲ್ಲಿ ಕಿತ್ತಳೆಯ ರಸ ಹಿಂಡುವುದು ವಿಷಯವಾಗಿದ್ದವು. ಕೆಲಸ ಎಷ್ಟು ಸಣ್ಣದಾದರೂ ಆಗ ಕನಿಷ್ಠ 20 ಹಂತಗಳು ಇರಲೇಬೇಕಿತ್ತು. ನಡುವೆ ಕೈ ಹಾಕಿದರೆ ಅಂಕ ಹೋಗುತ್ತಿತ್ತು.

ಇಲ್ಲಿ ಒಬ್ಬ ಲೆಕ್ಕಿಗನಿಗೆ ಸಹಜವಾಗಿ ತೋರುವ ಒಂದು ಲೆಕ್ಕವನ್ನು ಓದುಗರ ಮುಂದಿಡುತ್ತೇನೆ. ಪ್ರತಿಯೊಂದು ಹಂತವೂ ನೂರಕ್ಕೆ 95 ಬಾರಿ ಸರಿಯಾಗಿ ನಡೆಯುತ್ತದೆಂದೂ, ಒಂದರ ವೈಫಲ್ಯಕ್ಕೂ ಮತ್ತೊಂದರದಕ್ಕೂ ಸಂಬಂಧವಿಲ್ಲವೆಂದೂ ಭಾವಿಸೋಣ. ಬಿಡಿಯಾಗಿ ನೋಡಿದರೆ ಪ್ರತಿಯೊಬ್ಬ ವಿದ್ಯಾರ್ಥಿಯ ಕೆಲಸವೂ ಉತ್ತಮವೇ. ಆದರೆ ಇಂತಹ 20 ಹಂತಗಳನ್ನು ಸಾಲಾಗಿ ಜೋಡಿಸಿದರೆ ಇಡೀ ಯಂತ್ರ ಯಶಸ್ವಿಯಾಗುವುದು ನೂರಕ್ಕೆ ಸುಮಾರು 36 ಬಾರಿ ಮಾತ್ರ. ಪ್ರತಿ ಹಂತದ ಯಶಸ್ಸು 99ಕ್ಕೇರಿದರೆ ಒಟ್ಟು ಯಶಸ್ಸು ಸುಮಾರು 82ಕ್ಕೇರುತ್ತದೆ. ಅದೇ 99ರ ಮಟ್ಟದಲ್ಲಿ 300 ಹಂತಗಳನ್ನು ಜೋಡಿಸಿದರೆ ಯಶಸ್ಸು ನೂರಕ್ಕೆ ಐದಕ್ಕೆ ಇಳಿಯುತ್ತದೆ. ‘ನನ್ನ ಭಾಗ ಸರಿಯಾಗಿದೆ’ ಎಂಬ ಮಾತಿಗೆ ಸರಪಳಿಯಲ್ಲಿ ಎಷ್ಟು ಕಡಿಮೆ ಬೆಲೆಯೆಂಬುದನ್ನು ವಿದ್ಯಾರ್ಥಿಯು ಇಲ್ಲಿ ಕಣ್ಣಾರೆ ಕಂಡು ಕಲಿಯುತ್ತಾನೆ.

ಯಂತ್ರ ಹೆಚ್ಚಾಗಿ ನಿಲ್ಲುವುದು ಒಬ್ಬನ ಭಾಗ ಮುಗಿದು ಇನ್ನೊಬ್ಬನ ಭಾಗ ಆರಂಭವಾಗುವ ಸಂದಿಯಲ್ಲಿ. ಗೋಲಿ ಸರಿಯಾಗಿಯೇ ಉರುಳಿರುತ್ತದೆ, ಸನ್ನೆಯೂ ಸರಿಯಾಗಿರುತ್ತದೆ, ಆದರೆ ಗೋಲಿಯ ತೂಕ ಆ ಸನ್ನೆಗೆ ಸಾಲದು. ಮೂರು ದಶಕಗಳಿಂದ ಸಣ್ಣ ಕೈಗಾರಿಕೆಗಳ ಲೆಕ್ಕಪತ್ರಗಳನ್ನು ಪರಿಶೋಧಿಸುತ್ತಿರುವ ನನಗೆ ಇದು ಪರಿಚಿತ ದೃಶ್ಯ. ನಷ್ಟವು ಒಂದು ಮೇಜಿನ ಮೇಲೆ ಸಿಗುವುದು ಅಪರೂಪ. ಎರಡು ಮೇಜುಗಳ ನಡುವೆ ಸಿಗುವುದೇ ಹೆಚ್ಚು. ಖರೀದಿ ವಿಭಾಗ ಆದೇಶ ಕಳುಹಿಸಿರುತ್ತದೆ, ಉಗ್ರಾಣ ಸರಕನ್ನು ಪಡೆದಿರುತ್ತದೆ, ಆದರೆ ಬಂದ ಸರಕು ಆದೇಶಕ್ಕೆ ತಾಳೆಯಾಗುತ್ತದೆಯೇ ಎಂದು ನೋಡುವುದು ಯಾರ ಕೆಲಸವೆಂಬುದು ಯಾರಿಗೂ ತಿಳಿದಿರುವುದಿಲ್ಲ.

2017ರ ಜುಲೈ 1ರಂದು ಜಾರಿಗೆ ಬಂದ ಜಿಎಸ್‌ಟಿ ನಮ್ಮೆಲ್ಲರನ್ನೂ ಇಂತಹುದೇ ಒಂದು ಸರಪಳಿಯ ಕೊಂಡಿಗಳನ್ನಾಗಿ ಮಾಡಿದೆ. ಸರಕು ಕೊಟ್ಟವನು ತನ್ನ ಮಾರಾಟದ ವಿವರವನ್ನು ಜಿಎಸ್‌ಟಿಆರ್-1ರಲ್ಲಿ ಸಲ್ಲಿಸಬೇಕು; ಆಗ ಅದು ಕೊಂಡವನ ಜಿಎಸ್‌ಟಿಆರ್-2ಬಿಯಲ್ಲಿ ಕಾಣುತ್ತದೆ; ಅಲ್ಲಿ ಕಂಡ ಮೇಲಷ್ಟೇ ಇನ್‌ಪುಟ್ ಟ್ಯಾಕ್ಸ್ ಕ್ರೆಡಿಟ್ ಪಡೆಯುವ ದಾರಿ ತೆರೆಯುತ್ತದೆ. ಮಧ್ಯದ ಒಬ್ಬನು ತಪ್ಪಿದರೆ, ತಪ್ಪು ಮಾಡದವನ ದುಡಿಯುವ ಬಂಡವಾಳ ಕಟ್ಟಿಹೋಗುತ್ತದೆ. ತನ್ನ ಗೋಲಿ ಮುಂದಿನವನ ಸನ್ನೆಯನ್ನು ತಲುಪಿತೇ ಎಂದು ತಿರುಗಿ ನೋಡುವ ಅಭ್ಯಾಸವಿರುವ ಯುವಕ ಯುವತಿಯರು ನಮ್ಮ ಕಚೇರಿಗೂ ಕಾರ್ಖಾನೆಗೂ ಇಂದು ಅತ್ಯಗತ್ಯ.

ಆದರೆ ನಮ್ಮಲ್ಲಿ ಆಗುತ್ತಿರುವುದೇನು? ಇಂಜಿನಿಯರಿಂಗ್ ಕಾಲೇಜುಗಳಲ್ಲಿ ಅಂತಿಮ ವರ್ಷದ ಗುಂಪು ಯೋಜನೆ ಇದ್ದೇ ಇದೆ. ಅದನ್ನು ಸಿದ್ಧವಾಗಿ ಮಾರುವ ಅಂಗಡಿಗಳೂ ಇವೆ. ಹಣ ಕೊಟ್ಟರೆ ಮಾದರಿಯೂ ವರದಿಯೂ ಒಟ್ಟಿಗೆ ಕೈಗೆ ಬರುತ್ತವೆ. ಇದರಲ್ಲಿ ನಮ್ಮ ಪಾಲೂ ಇಲ್ಲದಿಲ್ಲ: ಎರಡು ದಿನ ಬಂದು ಹೋದ ಗುಂಪಿಗೆ ‘ನಮ್ಮ ಘಟಕದಲ್ಲಿ ಯೋಜನೆಯನ್ನು ತೃಪ್ತಿಕರವಾಗಿ ಪೂರೈಸಿರುತ್ತಾರೆ’ ಎಂದು ದಾಕ್ಷಿಣ್ಯಕ್ಕೆ ಸಹಿ ಹಾಕಿಕೊಡುವ ಉದ್ಯಮಿಗಳು ನಮ್ಮ ನಡುವೆ ಇದ್ದಾರೆ. ಮರುವರ್ಷ ಅದೇ ಪದವೀಧರರನ್ನು ಕೆಲಸಕ್ಕೆ ತೆಗೆದುಕೊಂಡು, ಇವರಿಗೆ ಏನೂ ಬಾರದೆಂದು ಗೊಣಗುವವರೂ ಅವರೇ. ಸುತ್ತುಬಳಸಿನ ಯಂತ್ರದ ಗುಣವೆಂದರೆ, ಅದನ್ನು ಕೊಂಡು ತಂದರೂ ಪ್ರಯೋಜನವಿಲ್ಲ. ಎಲ್ಲರೆದುರು ಅದು ಓಡಬೇಕು; ನಿಂತರೆ ಏಕೆ ನಿಂತಿತೆಂದು ಕಟ್ಟಿದವರೇ ಹೇಳಬೇಕು.

ಇಂಜಿನಿಯರನ ಧರ್ಮ ಸರಳತೆಯಲ್ಲವೇ, ತೊಡಕನ್ನು ಕಲಿಸುವುದು ಸರಿಯೇ ಎಂಬ ಆಕ್ಷೇಪವನ್ನು ನಾನು ಒಪ್ಪುತ್ತೇನೆ. ಆದುದರಿಂದಲೇ ಎರಡು ಷರತ್ತುಗಳು. ಮೊದಲನೆಯದಾಗಿ, ಯಂತ್ರದೊಡನೆ ವೆಚ್ಚಪಟ್ಟಿಯನ್ನೂ ಒಪ್ಪಿಸಬೇಕು: ಸಾಮಗ್ರಿ ಎಷ್ಟು, ದುಡಿದ ಗಂಟೆಗಳೆಷ್ಟು, ವಿಫಲ ಪ್ರಯತ್ನಗಳೆಷ್ಟು, ಯಾವ ಹಂತದಲ್ಲಿ. ಎರಡನೆಯದಾಗಿ, ಯಂತ್ರ ಓಡಿದ ಮೇಲೆ ಅದೇ ಗುಂಪು ಅದೇ ಕೆಲಸವನ್ನು ಅತಿ ಕಡಿಮೆ ಹಂತಗಳಲ್ಲಿ ಮಾಡಿ ತೋರಿಸಿ, ತೆಗೆದುಹಾಕಿದ ಪ್ರತಿ ಹಂತದಿಂದ ಉಳಿದುದೇನೆಂದು ಬರೆದು ಕೊಡಬೇಕು. ಕಟ್ಟುವುದರ ಜೊತೆಗೆ ಕಳಚುವುದನ್ನೂ ಕಲಿತಾಗ ಶಿಕ್ಷಣ ಪೂರ್ಣವಾಗುತ್ತದೆ.

ಈ ಎರಡನೆಯ ಪರೀಕ್ಷೆಗೆ ನಾವೂ ಕುಳಿತುಕೊಳ್ಳುವುದು ಒಳ್ಳೆಯದು. ವಿದ್ಯಾರ್ಥಿಗಳು ತಿಳಿದೇ ತೊಡಕನ್ನು ಕಟ್ಟುತ್ತಾರೆ; ನಾವು ತಿಳಿಯದೆ ಕಟ್ಟಿ ಅದಕ್ಕೆ ‘ಪದ್ಧತಿ’ ಎಂದು ಹೆಸರಿಡುತ್ತೇವೆ. ಐದುನೂರು ರೂಪಾಯಿಯ ವೋಚರಿಗೆ ಐದು ಸಹಿಗಳಿದ್ದರೆ, ಪ್ರತಿಯೊಬ್ಬನೂ ಮತ್ತೊಬ್ಬನು ನೋಡಿರುತ್ತಾನೆಂದು ನಂಬಿ ಸಹಿ ಹಾಕುತ್ತಾನೆ. ಹಾಗೆಂದು ಎಲ್ಲ ಹೆಚ್ಚಿನ ಹಂತಗಳೂ ವ್ಯರ್ಥವಲ್ಲ. ನಗದು ಹಿಡಿಯುವವನೂ ಪುಸ್ತಕ ಬರೆಯುವವನೂ ಬೇರೆ ಬೇರೆಯಾಗಿರಬೇಕೆಂಬುದು ಖರ್ಚಿನ ಏರ್ಪಾಡೇ ಸರಿ, ಆದರೆ ಕಾವಲಿನ ಏರ್ಪಾಡು. ಕಾಯುವ ಹಂತ ಯಾವುದು, ಬರಿದೇ ನಿಂತಿರುವ ಹಂತ ಯಾವುದು ಎಂದು ತಿಳಿಯಲು ಒಂದೇ ಪ್ರಶ್ನೆ ಸಾಕು: ಇದನ್ನು ತೆಗೆದರೆ ಆಗುವ ನಷ್ಟವೇನು? ಯಾರಿಂದಲೂ ಉತ್ತರ ಬಾರದಿದ್ದರೆ ಆ ಹಂತವನ್ನು ತೆಗೆಯಬಹುದು.

ಆದ್ದರಿಂದ ಸದಸ್ಯರಲ್ಲಿ ನನ್ನ ವಿನಂತಿ ಇಷ್ಟೇ. ಸಮೀಪದ ಇಂಜಿನಿಯರಿಂಗ್ ಕಾಲೇಜು ಅಥವಾ ಪಾಲಿಟೆಕ್ನಿಕ್ಕಿನ ಒಂದು ಗುಂಪಿಗೆ ತಮ್ಮ ಕಾರ್ಖಾನೆಯ ಒಂದು ಮೂಲೆಯನ್ನೂ, ಗುಜರಿಗೆ ಹೋಗಬೇಕಾದ ಬೇರಿಂಗು, ಸ್ಪ್ರಿಂಗು, ಪೈಪುಗಳನ್ನೂ ಒದಗಿಸಿರಿ. ಅನುಭವಿ ಫಿಟ್ಟರೊಬ್ಬರನ್ನು ವಾರಕ್ಕೊಮ್ಮೆ ಅವರೊಡನೆ ಕೂರಿಸಿರಿ. ಯಂತ್ರ ಓಡುವ ದಿನ ತಾವೇ ಹೋಗಿ ನೋಡಿ, ವೆಚ್ಚಪಟ್ಟಿಯನ್ನು ಕೇಳಿ ಓದಿರಿ. ಪ್ರಮಾಣಪತ್ರಕ್ಕೆ ಸಹಿ ಹಾಕುವುದು ಅನಂತರದ ಮಾತು.